ಕಾಣದವರು ತಿರುಗಬೇಕು

ಬಿಬ್ವೇವಾಡಿಯಲ್ಲಿ ನನ್ನದೊಂದು ಸ್ಟುಡಿಯೋ.
ಮದುವೆ, ಮುಂಜಿ, ಪಾಸ್‌ಪೋರ್ಟ್ ಸೈಜು ಎಂಟಕ್ಕೆ ಎಂಬತ್ತು ರೂಪಾಯಿ.
ವಿಮಾನವನ್ನು ನೆಲದಿಂದ ಕೂಡ ತೆಗೆದವನಲ್ಲ.
ಬಾರಾಮತಿಯ ಹಾರಾಟದ ಶಾಲೆಯವರು
ಕ್ಯಾಲೆಂಡರಿಗೆಂದು ಕರೆದರು;
ಕಡಿಮೆ ದರ ಹೇಳಿದವನು ನಾನೊಬ್ಬನೇ ಇರಬೇಕು.

ಡಿಸೆಂಬರ್ ಬೆಳಿಗ್ಗೆ. ಬಾಗಿಲು ಕಳಚಿಟ್ಟ ವಿಮಾನ,
ಹಲ್ಲು ಬಿದ್ದ ಬಾಯಿಯ ಹಾಗೆ.
ಜೇಬಿನಲ್ಲಿದ್ದುದನ್ನೆಲ್ಲ ತೆಗೆಸಿದರು:
ಬಾಚಣಿಗೆ, ಚಿಲ್ಲರೆ, ಮನೆಯ ಕೀಲಿಕೈ.
"ಮೇಲಿಂದ ಬಿದ್ದರೆ ಎಂಟಾಣೆಯೂ
ಕೆಳಗೆ ಯಾರದೋ ತಲೆಗೆ ಗುಂಡು"
ಅಂದ ಪೈಲಟ್ ಸಾಳಗಾಂವ್ಕರ್.
ಕ್ಯಾಮೆರಾಕ್ಕೂ ಮಣಿಕಟ್ಟಿಗೂ ಎರಡು ಗಂಟು,
ನನಗೂ ಸೀಟಿಗೂ ನಾಲ್ಕು.

ಹಾರುವ ಮೊದಲು ಅವರಿಬ್ಬರೂ
ಡಾಂಬರಿನ ಮೇಲೆ ನಡೆದೇ ಹಾರಿದರು.
ಅಂಗೈ ಚಾಚಿ, ಅವನ ಹಿಂದೆ ಅವಳು,
ಎಡಕ್ಕೆ ವಾಲಿ, ಬಲಕ್ಕೆ ವಾಲಿ.
ಮಕ್ಕಳಾಟ ಅಂದುಕೊಂಡು ನಕ್ಕೆ.
ಹುತೋಕ್ಷಿ ದಾರೂವಾಲಾ ನಗಲಿಲ್ಲ.
ಅರವತ್ತರ ಅಂಚು, ಕೊರಳಲ್ಲಿ ಕನ್ನಡಕದ ದಾರ.
"ನಿಯಮ ಒಂದೇ," ಅಂದಳು, ಅರ್ಧ ಮರಾಠಿ, ಅರ್ಧ ಹಿಂದಿ,
"ಕಾಣುವವರೆಗೆ ಜೊತೆ.
ಕಾಣದವರು ಬಾಯಿಬಿಟ್ಟು ಹೇಳಬೇಕು, ತಿರುಗಬೇಕು.
ಕ್ಷಮೆ ಗಿಮೆ ಆಮೇಲೆ, ನೆಲದ ಮೇಲೆ."

ಗಾಳಿ ನನ್ನ ಕೆನ್ನೆಯನ್ನು ಕಿವಿಯ ಹಿಂದಕ್ಕೆ ದಬ್ಬಿತು.
ಕೆಳಗೆ ಕಬ್ಬು, ನೀರಾ ಕಾಲುವೆ, ಆಲೆಮನೆಯ ಹೊಗೆ,
ದೂರ ಉಜನಿಯ ಹಿನ್ನೀರು, ಅದರಂಚಿಗೆ
ಗುಲಾಬಿ ರಂಗೋಲಿ ಹುಡಿ ಕೈಜಾರಿದಂತೆ ರಾಜಹಂಸಗಳು.
ಎಲ್ಲ ಓಡುತ್ತಿದ್ದವು.
ನಿಂತದ್ದು ಅವಳ ವಿಮಾನವೊಂದೇ,
ಓಣಿಯ ಎದುರುಮನೆಯಷ್ಟು ಹತ್ತಿರ,
ಮೆಲ್ಲಗೆ ಏರಿ, ಇಳಿದು, ಹಗ್ಗ ಕಟ್ಟಿದ ದೋಣಿಯ ಹಾಗೆ.
ಗಂಟೆಗೆ ನೂರೈವತ್ತು ಕಿಲೋಮೀಟರ್ ಓಡುತ್ತ ನಿಲ್ಲುವುದನ್ನು
ನಾನು ನೋಡಿದ್ದು ಅದೇ ಮೊದಲು.

ಶಟರು ಚುರುಕಾದರೆ ಚಿತ್ರದಲ್ಲಿ ಫ್ಯಾನು ನಿಂತುಬಿಡುತ್ತದೆ:
ಇಂಜಿನ್ ಸತ್ತ ವಿಮಾನ, ಆಕಾಶಕ್ಕೆ ಅಂಟಿಸಿದ್ದು.
ನಿಧಾನಿಸಿದರೆ ನನ್ನ ಎದೆಬಡಿತವೂ ಸೇರಿ ಎಲ್ಲ ಕಲಸು.
ಉಸಿರು ಹಿಡಿದೆ. ಬಿಟ್ಟೆ. ಹಿಡಿದೆ.
ಅವಳು ನನ್ನನ್ನೇ ನೋಡುತ್ತಿದ್ದಳು, ರೆಪ್ಪೆ ಬಡಿಯದೆ.
ಯಾವ ಮದುಮಗಳೂ ನನ್ನ ಲೆನ್ಸನ್ನು ಹಾಗೆ ನೋಡಿರಲಿಲ್ಲ.
(ನನ್ನನ್ನಲ್ಲ. ನಮ್ಮ ರೆಕ್ಕೆಯಡಿಯ ಒಂದು ಬೋಲ್ಟನ್ನು.
ಆಮೇಲೆ ಗೊತ್ತಾಯಿತು.)

ಸೂರ್ಯ ನನ್ನ ಬೆನ್ನಿಗೆ ಬರಲಿ, ಅಂದೆ.
ಮೂವತ್ತು ವರ್ಷದ ಪಾಠ ಅದು:
ಬೆಳಕು ನಮ್ಮ ಬೆನ್ನಿಗೆ, ಹೊಳಪು ಅವರ ಮುಖಕ್ಕೆ.
ಸಾಳಗಾಂವ್ಕರ್ ನಿಧಾನ ತಿರುಗಿಸಿದ.
ಹುಣಸೆಹಣ್ಣು ಹಚ್ಚಿ ತಿಕ್ಕಿದ ಹಿತ್ತಾಳೆ ತಂಬಿಗೆ ಆಯಿತು ಅವಳ ವಿಮಾನ,
ಒಳಗಿನ ಮುಖದಲ್ಲಿ ಒಂದೊಂದು ಸುಕ್ಕೂ ಚಿನ್ನ.
ಆಹಾ, ಅಂದೆ.
ಹೆಡ್‌ಫೋನಿನಲ್ಲಿ ಅವಳ ದನಿ,
ಊಟದ ನಡುವೆ ಉಪ್ಪು ಕೇಳುವಷ್ಟು ಸಹಜ:
"ದಿಸತ್ ನಾಹೀ."
ಕಾಣುತ್ತಿಲ್ಲ.

ಹೊಟ್ಟೆ ತೋರಿಸಿ ಹೊರಳಿತು ವಿಮಾನ, ನಮ್ಮಿಂದಾಚೆ.
ಗುಂಡಿ ಒತ್ತಿದ್ದು ನಾನಲ್ಲ, ನನ್ನ ಗಾಬರಿ.

ನಾನೂರ ಹನ್ನೆರಡರಲ್ಲಿ ನೆಟ್ಟಗಿದ್ದವು ಒಂಬತ್ತು.
ಎಂಟನ್ನು ಶಾಲೆಯವರು ಒಯ್ದರು. ಒಂಬತ್ತನೆಯದು ಬೇಡವೆಂದರು:
ಎಣ್ಣೆ ಸೋರಿದ ಗೆರೆ, ಸಾಲು ಸಾಲು ರಿವೆಟ್ಟು,
ಹಳೆಯ ಕುಪ್ಪಸಕ್ಕೆ ಹಚ್ಚಿದಂಥ ಒಂದು ತೇಪೆ,
ಫ್ಯಾನು ಮಾತ್ರ ದುಂಡಗೆ, ತೆಳ್ಳಗೆ,
ಊದಿದರೆ ಹಾರಿಹೋಗುವ ಹಪ್ಪಳ.

ಸಂಕ್ರಾಂತಿ ಕಳೆದ ಮೇಲೆ ಆಕೆ ಬಂದಳು, ರಿಕ್ಷಾದಲ್ಲಿ.
ಮೆಡಿಕಲ್‌ನಲ್ಲಿ ಕಣ್ಣು ಪಾಸಾಗಲಿಲ್ಲವಂತೆ.
ಚಿತ್ರವನ್ನು ಮೂಗಿಗೆ ತಾಗಿಸಿ, ಓರೆ ಮಾಡಿ,
ಕಿಟಕಿಗೆ ಒಯ್ದು, ಬಹಳ ಹೊತ್ತು.
"ಹುಡುಗರು ಹಾರಿಸುವುದನ್ನು ಕೆಳಗೆ ನಿಂತು ನೋಡಿದ್ದೇನೆ.
ನಾನು ಹೊರಟುಹೋಗುವುದು ಹೇಗಿರುತ್ತದೆಂದು
ಗೊತ್ತಿರಲಿಲ್ಲ."

ಎಣ್ಣೆ ಕಲೆ ಅಳಿಸಿಕೊಡಲೇ, ಅಂದೆ. ಅಭ್ಯಾಸ.
ಎಷ್ಟೋ ಮದುಮಕ್ಕಳ ಮೊಡವೆ ಅಳಿಸಿದ ಕೈ.
ಕನ್ನಡಕ ಏರಿಸಿ ನೋಡಿದಳು,
ಈ ಸಲ ನನ್ನನ್ನೇ.

"ಎಷ್ಟಾಯಿತು?" ಅಂದಳು.
ಫ್ರೇಮು ಬೇಡ. ಸುರುಳಿ ಸುತ್ತಿ ಕೊಡು.
ರಬ್ಬರ್ ಬ್ಯಾಂಡು ಇದೆಯಾ?